ಎರಡು ಕ್ಯಾಮೆರಾಗಳ ನಡುವೆ

ನಮ್ಮೂರಿನ ಫ್ರೀಮಾಂಟ್ ಬಡಾವಣೆಯ ಭಾನುವಾರದ ಸಂತೆಯಲ್ಲಿ ಮಾಮಿಯಾ ಆರ್‌ಬಿ 67 ಹಾಗೂ ಯಾಶಿಕಾ ಮ್ಯಾಟ್ 124ಜಿ ಎಂಬ ಎರಡು ಹಳೆಯ ಕ್ಯಾಮೆರಾಗಳನ್ನು ಅಕ್ಕಪಕ್ಕದಲ್ಲಿ ಕಂಡ ನಾನು, ಯಾವುದನ್ನು ಮನೆಗೊಯ್ಯಲೆಂದು ಬಹಳ ಹೊತ್ತು ಚಿಂತಿಸುತ್ತ ನಿಂತೆನು. 120 ಫಿಲ್ಮಿನ ಸುರುಳಿಯೊಂದರಲ್ಲಿ ಮೊದಲನೆಯದು 10 ವಿಶಾಲ ಚಿತ್ರಗಳನ್ನೂ ಎರಡನೆಯದು 12 ಚೌಕ ಚಿತ್ರಗಳನ್ನೂ ಕೊಡುವುದು. ಫಿಲ್ಮ್ ಹೊತ್ತ ಹಿಂಭಾಗವನ್ನು ತಿರುಗಿಸಿದ ಮಾತ್ರಕ್ಕೆ ಅಡ್ಡಚಿತ್ರವನ್ನು ಉದ್ದಚಿತ್ರವಾಗಿಸುವ ಮಾಮಿಯಾದ ರಚನಾಕೌಶಲವು ನಿಜಕ್ಕೂ ಶ್ಲಾಘನೀಯವಾದರೂ, ಸುಮಾರು ಎರಡೂವರೆ ಕಿಲೋ ಭಾರವನ್ನು ಹೊತ್ತು ಇಲ್ಲಿನ ಮಳೆಯಲ್ಲಿ ಅಲೆಯುವುದು ನನಗೆ ದುಷ್ಕರ. ಮಾರುವಾತನ ಅನುಮತಿ ಪಡೆದು, ಯಾಶಿಕಾವನ್ನು ಕಾಲುವೆಯ ದಂಡೆಗೊಯ್ದು, ಮುಚ್ಚಳ ತೆರೆದು ಬಗ್ಗಿ ನೋಡಿದೆನು: ಕಾಲುವೆಗೆ ಅಡ್ಡಲಾಗಿರುವ 1917ರ ನೀಲಿ-ಕಿತ್ತಳೆ ಸೇತುವೆ ದೋಣಿಗೆ ದಾರಿ ಬಿಡಲು ಮೇಲೆದ್ದಿತ್ತು, ಬಲಕ್ಕೆ ಸಾಗುತ್ತಿದ್ದ ದೋಣಿಯು ಮಸುಕುಗಾಜಿನ ಮೇಲೆ ಎಡಬಲ ಪಲ್ಲಟಗೊಂಡು, ನಿಶ್ಶಬ್ದವಾಗಿ ಎಡಕ್ಕೆ ತೇಲುತ್ತಿದ್ದಿತು. ಹಿಂದಿರುಗಿ ಬಂದು ಹಣವನ್ನೆಣಿಸಿ ಕೊಟ್ಟೆನು.