ಬಿಳಿ-ಹಸಿರಿನ ಪಕ್ಕ ನೀಲಿ

ವೈಫೈ ಕೆಟ್ಟರೆ ಯಾರನ್ನು ಬೈಯಬೇಕೆಂದೇ ತಿಳಿಯುವುದಿಲ್ಲ. ಗೋಡೆಯನ್ನೋ, ಪಕ್ಕದ ಮನೆಯ ಸಿಗ್ನಲ್ಲನ್ನೋ, ಅಡುಗೆಮನೆಯ ಮೈಕ್ರೋವೇವ್ ಒಲೆಯನ್ನೋ? ವೈರು ಹಾಗಲ್ಲ. ಕೆಟ್ಟರೆ ಇಂಥ ಕಡೆಯೇ ಕೆಟ್ಟಿರುತ್ತದೆ, ಬೆರಳಿಟ್ಟು ತೋರಿಸಬಹುದು. ನಾನು ಇಂದಿಗೂ ವೈರಿನ ಪಕ್ಷ ಬಿಡದಿರುವುದು ಇದೊಂದೇ ಕಾರಣಕ್ಕೆ. ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ಇದಕ್ಕೆ ನಗುವವರಿದ್ದಾರೆ. ಖಾನಾಪುರದ ನೆಂಟರ ಮನೆಯಲ್ಲಿ ಯಾರೂ ನಗುವುದಿಲ್ಲ. ಹಳೆಯ ಹೆಂಚಿನ ಮನೆ. ಪಡಸಾಲೆಯಲ್ಲಿಟ್ಟ ರೂಟರಿನ ಸಿಗ್ನಲ್ಲು ಆ ದಪ್ಪ ಗೋಡೆಗಳನ್ನು ಹಾಯ್ದು ದೇವರ ಕೋಣೆ ದಾಟುವಷ್ಟರಲ್ಲಿ ಸುಸ್ತಾಗಿರುತ್ತದೆ. ಹಿತ್ತಲ ಕಡೆಯ ಕೋಣೆಯಲ್ಲಿ ಕೂತು ಪುಣೆಯ ಕಚೇರಿಗೆ ಕೆಲಸ ಮಾಡುವ ಸೋದರಳಿಯನಿಗೆ ಜಂತಿಗುಂಟ ಎಳೆದ ವೈರೇ ಗತಿ.

"ಮಾಮಾ, ನೆಟ್ ಹೋಗೇತಿ" ಎಂದು ಅವನ ಫೋನು ಬಂದಾಗ ನಾನು ಕೇಳುವುದು ಒಂದೇ: "ದೀಪ ಹತ್ತೇತೇನು ನೋಡು." ರೂಟರನ್ನು ಆರಿಸಿ ಹಚ್ಚುವುದು ಎಲ್ಲರಿಗೂ ಗೊತ್ತು. ಕಂಪನಿಗೆ ಫೋನು ಮಾಡಿ ಬೈಯುವುದಂತೂ ಹೇಳಿಕೊಡಬೇಕಾದ ವಿದ್ಯೆಯೇ ಅಲ್ಲ. ವೈರು ಸಿಕ್ಕಿಸಿದ ತೂತಿನ ಪಕ್ಕ, ಇಲ್ಲವೇ ರೂಟರಿನ ಮುಂದೆ, ಸಾಸಿವೆಯಷ್ಟು ದೀಪವಿರುತ್ತದೆ; ಅದನ್ನು ನೋಡುವವರೇ ಕಡಿಮೆ. ದೀಪ ಆರಿದ್ದರೆ ತಪ್ಪು ವೈರಿನದು, ತುದಿಯದು ಅಥವಾ ಆ ಪೋರ್ಟಿನದು. ಕಂಪನಿಯನ್ನು ಬೈದು ಫಲವಿಲ್ಲ. ಪಕ್ಕದ ಪೋರ್ಟಿಗೆ ಹಾಕಿ ನೋಡಬೇಕು, ಆಮೇಲೆ ಬೇರೆ ವೈರು. ದೀಪ ಹತ್ತಿಯೂ ನೆಟ್ ಇಲ್ಲದಿದ್ದರೆ ಕಂಪ್ಯೂಟರಿಗೆ ಸಿಕ್ಕ ವಿಳಾಸ ನೋಡಬೇಕು. ಅದು 169.254 ಎಂದು ಶುರುವಾದರೆ ರೂಟರು ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ, ಪಾಪ, ಯಂತ್ರ ತನಗೆ ತಾನೇ ಒಂದು ಹಚ್ಚಿಕೊಂಡಿದೆ ಎಂದರ್ಥ. ಸಾಮಾನ್ಯವಾಗಿ ಕಾಣುವ 192.168 ಇದ್ದರೆ ಮನೆಯೊಳಗಿನ ವ್ಯವಹಾರ ಬಹುಮಟ್ಟಿಗೆ ಸರಿ. ಆಗ ಬೇಕಾದರೆ ಕಂಪನಿಗೆ ಫೋನು ಮಾಡಿ, ಧಾರಾಳವಾಗಿ.

ಕಷ್ಟ ಕೊಡುವುದು ಪೂರ್ತಿ ಸತ್ತ ವೈರಲ್ಲ, ಅರೆಜೀವದ ವೈರು. ಖಾನಾಪುರದ ಆ ವೈರು ಅಂಥದು. ದೀಪ ಹತ್ತುತ್ತದೆ, ಮೇಲ್ ಬರುತ್ತದೆ; ವಿಡಿಯೋ ಮೀಟಿಂಗು ಶುರುವಾದೊಡನೆ ಎದುರಿನವರ ಮುಖ ಚೌಕ ಚೌಕವಾಗುತ್ತದೆ. ತುದಿಯ ಪಾರದರ್ಶಕ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ಬಣ್ಣಗಳು ಜೋಡಿ ಜೋಡಿಯಾಗಿ, ಮದುವೆಯ ಫೋಟೋಗೆ ನಿಂತ ಹಾಗೆ ಶಿಸ್ತಾಗಿದ್ದವು: ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿಯೊಂದರ ಪಕ್ಕ ಅದರದೇ ಬಿಳಿ ಸಂಗಾತಿ. ಕೂಡಿಸಿದ ಎಲೆಕ್ಟ್ರಿಷಿಯನ್ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ತನ್ನ ನ್ಯಾಯ ಹೇಳಿದ: "ಎರಡೂ ಕಡೆ ಒಂದೇ ನಮೂನಿ ಐತಲ್ರಿ. ಚಾಲತಯ್ ನಾ!" ಟೆಸ್ಟರ್ ಹಚ್ಚಿ ಎಂಟೂ ದೀಪ ತೋರಿಸಿದ.

ಟೆಸ್ಟರ್ ಸುಳ್ಳು ಹೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ಆ ಟೆಸ್ಟರಿಗೆ ತಂತಿ ಈ ತುದಿಯಿಂದ ಆ ತುದಿ ಮುಟ್ಟಿದೆಯೇ ಎಂಬುದಷ್ಟೇ ಗೊತ್ತು, ಯಾವುದರ ಜೊತೆ ಹೊಸೆದುಕೊಂಡು ಬಂದಿದೆ ಎಂಬುದು ಗೊತ್ತಿಲ್ಲ. ಇಡೀ ಗುಟ್ಟಿರುವುದು ಆ ಹೊಸೆತದಲ್ಲಿ. ಎರಡು ತಂತಿಗಳನ್ನು ಹೊಸೆದರೆ ಹೊರಗಿನ ಗದ್ದಲ ಎರಡಕ್ಕೂ ಸಮವಾಗಿ ತಗಲಿ, ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲವೇ ಮಾಯವಾಗುತ್ತದೆ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದಕ್ಕೆ 1881ರಲ್ಲೇ ಪೇಟೆಂಟ್ ಪಡೆದಿದ್ದ. ಇಂದಿನ ನೆಟ್ ವೈರಿನಲ್ಲೂ ಅಂಥ ನಾಲ್ಕು ಜೋಡಿಗಳಿವೆ. ಕನೆಕ್ಟರಿನ ಮೂರನೆಯ ಮತ್ತು ಆರನೆಯ ಕಾಲುಗಳು ಒಂದು ಜೋಡಿ, ನಡುವಿನ ನಾಲ್ಕು-ಐದು ಇನ್ನೊಂದು. ಅದಕ್ಕೇ ಬಿಳಿ-ಹಸಿರಿನ ಪಕ್ಕ ಹಸಿರು ಬರಬಾರದು, ನೀಲಿ ಬರಬೇಕು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೋಡಲು ಅಡ್ಡಾದಿಡ್ಡಿ, ಆದರೆ ಇದೇ ಕ್ರಮ. ಆ ಎಲೆಕ್ಟ್ರಿಷಿಯನ್ ಬಣ್ಣಕ್ಕೆ ಬಣ್ಣ ಕೂಡಿಸಿ ಒಂದೇ ಸಂದೇಶವನ್ನು ಎರಡು ಬೇರೆ ಜೋಡಿಗಳಿಗೆ ಹಂಚಿದ್ದ. ವೈರು ಗಿಡ್ಡದಿದ್ದರೆ ನಡೆದುಹೋಗುತ್ತಿತ್ತು. ಪಡಸಾಲೆಯಿಂದ ಹಿತ್ತಲತನಕ ನಡೆಯಲಿಲ್ಲ. ಎರಡೂ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ ಮೇಲೆ ಮುಖಗಳು ನೆಟ್ಟಗಾದವು. ಕನೆಕ್ಟರಿನ ಬೆಲೆ ಒಂದು ಚಹಾದಷ್ಟೂ ಇರಲಿಕ್ಕಿಲ್ಲ.

ನಮ್ಮ ಬೆಳಗಾವಿ ಮನೆಯ ವೈರಿನ ರೋಗ ಬೇರೆ. ಅಲ್ಲಿ 100 ಎಂಬಿಪಿಎಸ್ ಹತ್ತಿರ ಬಂದು ವೇಗ ನಿಂತುಬಿಟ್ಟಿತ್ತು, ಪ್ಲಾನು ಎಷ್ಟಿದ್ದರೂ ಅಷ್ಟೇ. ಗಿಗಾಬಿಟ್ ಓಡಲು ನಾಲ್ಕೂ ಜೋಡಿ ಬೇಕು. ನೂರಕ್ಕೆ ಕಿತ್ತಳೆ ಮತ್ತು ಹಸಿರು ಎರಡೇ ಸಾಕು. ನೀಲಿಯದೋ ಕಂದಿನದೋ ಒಂದೆಳೆ ತುಂಡಾದರೆ ಬಹಳಷ್ಟು ಯಂತ್ರಗಳು ಸದ್ದಿಲ್ಲದೆ ನೂರಕ್ಕೆ ಇಳಿದು ಕೆಲಸ ಸಾಗಿಸುತ್ತವೆ. ಬಾಗಿಲ ಸಂದಿಯಲ್ಲಿ ದಿನವೂ ಜಜ್ಜಿಸಿಕೊಳ್ಳುವ ವೈರಿಗೆ ಇದು ತಪ್ಪಿದ್ದಲ್ಲ. ಕೆಲವರು ಇದಕ್ಕಾಗಿ ದುಬಾರಿ ರೂಟರನ್ನೇ ತರುತ್ತಾರೆ. ತರಲಿ, ಅಂಗಡಿಯವರೂ ಬದುಕಬೇಕಲ್ಲ.

ಮುಂಗಾರಿಗೆ ಮೊದಲಿನ ಭರಣಿ, ಕೃತ್ತಿಕಾ ಮಳೆಗಳ ಗುಡುಗಿಗೆ ಮಾತ್ರ ನನ್ನ ಬಳಿ ಔಷಧವಿಲ್ಲ. ಕಂಬದಿಂದ ಮಾಳಿಗೆ, ಮಾಳಿಗೆಯಿಂದ ಕೋಣೆ ಎಂದು ತಾಮ್ರದ ವೈರು ಎಳೆದ ಮನೆಗಳಲ್ಲಿ ಹತ್ತಿರ ಸಿಡಿಲು ಬಿದ್ದರೆ ಸಾಕು, ಅದರ ಹೊಡೆತ ವೈರಿನಗುಂಟ ಬಂದು ಪೋರ್ಟನ್ನು ಸುಡುತ್ತದೆ. ಒಂದೇ ಪೋರ್ಟ್ ಸತ್ತು ಉಳಿದವು ಬದುಕಿರುವುದೂ ಉಂಟು. ಜನ ಕರೆಂಟಿನ ಪ್ಲಗ್ ಕಿತ್ತು ನಿಶ್ಚಿಂತರಾಗುತ್ತಾರೆ. ಆಕಾಶ ಕಪ್ಪಾದೊಡನೆ, ಗುಡುಗಿಗೆ ಕಾಯದೆ, ದಯವಿಟ್ಟು ನೆಟ್ ವೈರನ್ನೂ ಕಿತ್ತಿಡಿ.