ಆರು ಕಾಲಿನ ಎತ್ತು

ಭಾಲ್ಕಿ ತಾಲ್ಲೂಕಿನ ಸಾಯಗಾಂವದ ಕಡೆ ಮಳೆ ಹಿಡಿಯಿತೆಂದರೆ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಭಾರವಾಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಾಯಿಬಿಟ್ಟು ಬಿರಿಯುತ್ತದೆ. ಹೊತ್ತೇರಿದ ಮೇಲೆ ಬಿಸಿಲು ಯಾರನ್ನೂ ಅಂಗಳದಲ್ಲಿ ನಿಲ್ಲಗೊಡುವುದಿಲ್ಲ. ಹೀಗಾಗಿ ಮೂರು-ನಾಲ್ಕು ವರ್ಷದ ಕೂಸು ಎಷ್ಟೋ ದಿನ ಒಳಗೇ ಕೂಡಬೇಕು. ಒಳಗೇನಿದೆ? ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಜೀಪು. ಅದರ ಒಂದು ಗಾಲಿ ಆಗಲೇ ಕಳೆದಿದೆ. ಇಲ್ಲವೇ ಅಪ್ಪನ ಮೊಬೈಲು.

ಆಟದ ಸಾಮಾನೆಲ್ಲ ಬಿದ್ದಿರುವುದು ಹೊಸ್ತಿಲಾಚೆ. ಜೋಳದ ದಂಟು, ಹುಣಸೆಬೀಜ, ಬೇವಿನ ಎಲೆ, ಗೆಜ್ಜೆಯಂತೆ ಗಿಲಿಗಿಲಿ ಎನ್ನುವ ಒಣ ಜಾಲಿಕಾಯಿ, ಮಾಂಜ್ರಾ ದಂಡೆಯ ನುಣುಪು ಕಲ್ಲು. ಇವನ್ನು ಮಡಿಲಲ್ಲಿ ತುಂಬಿಕೊಂಡು ಕೂಸು ಒಳಗೆ ಕಾಲಿಟ್ಟರೆ ಸಾಕು, ‘ಏನ್ ಹೊಲಸು ತಂದೀ? ಹೊರಗ ಒಗದು ಬಾ!’ ತಾಯಿಯನ್ನು ದೂರುವಂತಿಲ್ಲ. ಈಗಷ್ಟೇ ಒರೆಸಿದ ನೆಲ ಅದು.

ಆದರೆ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಉತ್ತರ ಕರ್ನಾಟಕದ ಮನೆಗಳಲ್ಲಿ ಇದೇ ಮಣ್ಣು ಎತ್ತಾಗಿ ದೇವರ ಜಗಲಿ ಏರುತ್ತದೆ. ಆ ದಿನ ಯಾರೂ ಅದನ್ನು ಹೊಲಸು ಎನ್ನುವುದಿಲ್ಲ. ಮರುದಿನದಿಂದ ಮತ್ತೆ ಹೊಲಸೇ.

ಜೀಪು ಎಂದಿಗೂ ಜೀಪೇ. ಚಪ್ಪಟೆ ಕಲ್ಲು ಹಾಗಲ್ಲ. ಮುಂಜಾನೆ ಅದು ರೊಟ್ಟಿ, ಮಧ್ಯಾಹ್ನ ಭಾಲ್ಕಿ ಬಸ್ಸು, ಸಂಜೆಗೆ ದೇವರು. ‘ಇದರಿಂದ ಅಕ್ಷರ ಬರ್ತಾವೇನು?’ ಎಂದು ಕೇಳುವ ಪಾಲಕರಿದ್ದಾರೆ. ಮಣ್ಣು ಚಿವುಟಿ, ಬೀಜ ಆರಿಸಿ ಪಳಗಿದ ಬೆರಳಿಗೆ ಬಳಪ ಹಿಡಿಯುವುದು ಸುಲಭ ಎಂಬುದಷ್ಟೇ ಅವರಿಗೆ ಉತ್ತರ.

ಇದೇನು ಹೊಸ ವಿಚಾರವಲ್ಲ. ಗಿಜುಭಾಯಿ ಬಧೇಕಾ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದದ್ದು 1920ರಲ್ಲಿ. ಅವರೊಡನೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಹೋದರು. ಮಾಂಟೆಸೊರಿಯ ದುಬಾರಿ ಸಲಕರಣೆ ಬಡವರ ಮಕ್ಕಳಿಗೆ ಎಟುಕದೆಂದು, ಸುತ್ತಲೂ ಪುಕ್ಕಟೆ ಸಿಗುವ ವಸ್ತುಗಳಿಂದಲೇ ಕಲಿಸಿದರು. ಸರ್ಕಾರದ ಅಂಗನವಾಡಿಗಳು ಬಂದದ್ದು ಅದಾದ ಎಷ್ಟೋ ವರ್ಷಕ್ಕೆ, 1975ರ ಅಕ್ಟೋಬರ್ 2ರಿಂದ.

ಹಾಗೆಂದು ಕಂಡದ್ದನ್ನೆಲ್ಲ ಒಳಗೆ ತರುವಂತಿಲ್ಲ. ಗುಲಗಂಜಿ ನೋಡಲು ಚೆಂದ, ಆದರೆ ಅಗಿದು ನುಂಗಿದರೆ ಪ್ರಾಣಕ್ಕೇ ಎರವು. ಔಡಲ ಬೀಜ, ಉಮ್ಮತ್ತಿ, ಕಣಗಿಲೆ ಕೂಡ ವಿಷವೇ. ಬಿತ್ತನೆಗೆಂದು ತಂದ ಬಣ್ಣ ಬಳಿದ ಬೀಜಕ್ಕೆ ಔಷಧಿ ಹತ್ತಿರುತ್ತದೆ. ಅದು ಕೈಗೆ ಸಿಗದಂತೆ ಎತ್ತರದಲ್ಲಿರಲಿ. ಕಡಲೆ, ಹುಣಸೆಬೀಜದಂಥ ಸಣ್ಣ ಕಾಳು ಮೂಗು, ಕಿವಿ ಸೇರಿದರೆ ದವಾಖಾನೆಗೇ ಓಡಬೇಕು. ಅವು ದೊಡ್ಡವರು ಎದುರಿಗಿದ್ದಾಗ ಮಾತ್ರ. ಮೂರು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ. ದಂಟಿನ ಸಿಬಿರು ಬ್ಲೇಡಿನಂತೆ ಕೊಯ್ಯುತ್ತದೆ. ಅದನ್ನು ಅಣ್ಣನೋ ಅಕ್ಕನೋ ಸುಲಿದು, ಒಳಗಿನ ಬೆಂಡನ್ನಷ್ಟೇ ತುಂಡು ಮಾಡಿ ಕೊಡಲಿ. ಆ ಬೆಂಡಿಗೆ ಸಿಬಿರು ಚುಚ್ಚಿ ಗಾಡಿ ಮಾಡುವ ವಿದ್ಯೆ ಅಜ್ಜನಿಗೆ ಇನ್ನೂ ನೆನಪಿರುತ್ತದೆ. ಶಾಲೆಗೆ ಹೋಗುವ ಮಕ್ಕಳು ರಜೆಯಲ್ಲಿ ಕೇಳಿ ಕಲಿಯಬಹುದು.

ಮಣ್ಣನ್ನು ಗಟಾರಿನ ಬದಿಯಿಂದ, ಔಷಧಿ ಹೊಡೆದ ಹೊಲದಿಂದ ತರಬಾರದು. ಜರಡಿ ಹಿಡಿದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸ್ವಲ್ಪ ಹೊಟ್ಟು ಕಲಸಿ ನಾದಿದರೆ ಬಿರಿಯುವುದು ಕಡಿಮೆ. ಬೀದರ ಪಟ್ಟಣದವರಿಗೆ ಕೆಂಪು ಮಣ್ಣು ಸಿಗುತ್ತದೆ, ಅದನ್ನೂ ಹೀಗೆಯೇ ಹದ ಮಾಡಬಹುದು. ಮೂಲೆಯಲ್ಲೊಂದು ಗೋಣಿತಟ್ಟು ಹಾಸಿ, ಮಣ್ಣಿನಾಟ ಅದರ ಮೇಲೆಯೇ ಎಂದರೆ ತಾಯಿಯ ನೆಲವೂ ಉಳಿಯುತ್ತದೆ. ಆಟ ಮುಗಿದ ಮೇಲೆ ಕೈ ತೊಳೆಸಿದರಾಯಿತು.

ಕೂಸು ಮಾಡಿದ್ದನ್ನು ತಿದ್ದುವ ಆತುರ ಬೇಡ. ಎತ್ತಿಗೆ ಆರು ಕಾಲು ಹಚ್ಚಿದ್ದರೆ ಹಾಗೆಯೇ ಕಿಟಕಿಯಲ್ಲಿ ಒಣಗಲು ಇಡಬೇಕು. ಎಷ್ಟಾದರೂ ಎರೆಮಣ್ಣು, ಬೆಳಗಾಗುವುದರೊಳಗೆ ಎರಡು ಕಾಲು ತಾವಾಗಿಯೇ ಕಳಚಿ ಬಿದ್ದಿರುತ್ತವೆ.