ಸ್ವರ್ಗಮಂದಿರದ ಅಂಗಳದಲ್ಲಿ

ಚೀನಾ ಪ್ರವಾಸದ ಕಡೆಯ ದಿನ. ವಿಮಾನ ಹೊರಡುವುದು ರಾತ್ರಿಗೆ. ಮಹಾಗೋಡೆ, ಅರಮನೆಗಳೆಂದು ಎಂಟು ದಿನ ಸುತ್ತಿ ತಾಯಿಯ ಮೊಣಕಾಲುಗಳು ಸೋತಿದ್ದವು. ಮಗ ಮತ್ತೆ ಪಟ್ಟಿಯನ್ನು ಬಿಡಿಸಿದಾಗ ಆಕೆ, “ಇವತ್ತು ಎಲ್ಲಾದರೂ ಸುಮ್ಮನೆ ಕೂರೋಣಪ್ಪ” ಎಂದರು. ಬೀಜಿಂಗಿನ ಸ್ವರ್ಗಮಂದಿರದ ಉದ್ಯಾನಕ್ಕೆ ಅವರು ಬಂದದ್ದು ಹೀಗೆ.

1420ರಲ್ಲಿ ನಿರ್ಮಿತವಾದ ಈ ಆವರಣದಲ್ಲಿ ಚಕ್ರವರ್ತಿಗಳು ಒಳ್ಳೆಯ ಬೆಳೆಗಾಗಿ ಆಕಾಶವನ್ನು ಪ್ರಾರ್ಥಿಸುತ್ತಿದ್ದರು. 38 ಮೀಟರು ಎತ್ತರದ ದುಂಡನೆಯ ಮಂದಿರವನ್ನು 28 ಮರದ ಕಂಬಗಳು ಹೊತ್ತಿವೆ: ನಡುವಿನ ನಾಲ್ಕು ಋತುಗಳಿಗೆ, ಅವುಗಳ ಸುತ್ತಲಿನ ಹನ್ನೆರಡು ತಿಂಗಳುಗಳಿಗೆ, ಹೊರಗಿನ ಹನ್ನೆರಡು ದಿನದ ಹೊತ್ತುಗಳಿಗೆ ಸಂಕೇತ. 1889ರಲ್ಲಿ ಸಿಡಿಲಿಗೆ ಸುಟ್ಟುಹೋದ ಮಂದಿರವನ್ನು ಮತ್ತೆ ಕಟ್ಟಿದರು. ಜನಸಾಮಾನ್ಯರಿಗೆ ಉದ್ಯಾನ ತೆರೆದದ್ದು 1918ರಲ್ಲಿ.

ಹಿಂದೆ ಪೂಜಾದ್ರವ್ಯಗಳನ್ನು ಹೊತ್ತು ಸಾಗುತ್ತಿದ್ದ ಉದ್ದನೆಯ ಮೊಗಸಾಲೆಯಲ್ಲಿ ಈಗ ನಿವೃತ್ತರು ಇಸ್ಪೀಟಾಡುತ್ತಾರೆ, ಹಾಡುತ್ತಾರೆ. ಸಮೀಪದಲ್ಲೇ ವೃದ್ಧರೊಬ್ಬರು ಪೊರಕೆಯಷ್ಟು ದೊಡ್ಡ ಕುಂಚವನ್ನು ನೀರಿನಲ್ಲಿ ಅದ್ದಿ, ಹಾಸುಗಲ್ಲಿನ ಮೇಲೆ ಅಕ್ಷರಗಳನ್ನು ಬರೆಯುತ್ತಿದ್ದರು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಆರಿಹೋಗುತ್ತಿತ್ತು.

“ಇಷ್ಟು ಚಂದದ ಬರಹ ಉಳಿಯುವುದೇ ಇಲ್ಲವಲ್ಲಮ್ಮ!” ಎಂದ ಮಗ.

“ನಾನು ದಿನಾ ಬಾಗಿಲಿಗೆ ಹಾಕುವ ರಂಗೋಲಿ ಉಳಿಯುತ್ತದೇನೋ?”

ಮಾತು ತಿಳಿಯದಿದ್ದರೂ ಆ ವೃದ್ಧರು ನಕ್ಕು ಕುಂಚವನ್ನು ತಾಯಿಯ ಕಡೆಗೆ ಚಾಚಿದರು. ಆಕೆ ಸೆರಗು ಸಿಕ್ಕಿಸಿ, ಚುಕ್ಕಿಗಳನ್ನಿಟ್ಟು, ಎಳೆ ಎಳೆದು ರಂಗೋಲಿ ಬಿಡಿಸಿದರು. ಇಸ್ಪೀಟಿನವರೂ ಎದ್ದುಬಂದು ಸುತ್ತ ನಿಂತರು. ಮಗ ಕ್ಯಾಮೆರಾ ತೆಗೆಯುವಷ್ಟರಲ್ಲಿ ಅರ್ಧ ಆರಿತ್ತು.

“ಇರಲಿ ಬಿಡಪ್ಪ, ಇನ್ನೊಂದು ಹಾಕುತ್ತೇನೆ. ಇನ್ನೂ ಹೊತ್ತಿದೆಯಲ್ಲ” ಎಂದು ತಾಯಿ ಮತ್ತೆ ಕುಂಚವನ್ನು ನೀರಿಗೆ ಅದ್ದಿದರು.